ಮಾರಿದ ಕಾರಿನ ನಂಬರು

ಮಾರ್ಚ್ 14, ಗುರುವಾರ. ಹ್ಯಾಲಿಫ್ಯಾಕ್ಸ್.

ಪಾರ್ಕಿಂಗ್ ದಂಡದ ತೀರ್ಪು ಅಂತೂ ರದ್ದಾಯಿತು. ನೋಟೀಸುಗಳೆಲ್ಲ ಹಳೆಯ ಮನೆಗೆ ಹೋಗಿ, ನಮಗೆ ತಿಳಿಯುವ ಮೊದಲೇ ನನ್ನ ಗಂಡ ಕ್ಲಿಫ್ ಕೇಸು ಸೋತಿದ್ದ. ನನ್ನನ್ನು ಆಸ್ಪತ್ರೆಗೆ ಸೇರಿಸಿದ ದಿನ ಅವನು ಪಾರ್ಕಿಂಗ್ ಹಣವನ್ನೇನೋ ಕಟ್ಟಿದ್ದ. ಆದರೆ ಹಣ ಕಟ್ಟುವ ಯಂತ್ರದಲ್ಲಿ ಈಗಿನ ಕಾರಿನ ನಂಬರಿನ ಬದಲು ಒತ್ತಿದ್ದು, ಯಾವ ಕಾಲದಲ್ಲೋ ಮಾರಿದ ನೀಲಿ ಕಾರಿನ ನಂಬರು.

"ಅದೇ ನಂಬರ್ ಯಾಕೆ?" ಎಂದು ಇವತ್ತು ಕೋರ್ಟಿನಲ್ಲಿ ಜಡ್ಜಮ್ಮ ಕೇಳಿದರು.

"ಇವ್ಳು ಒಳಗಿದ್ಲು ಮೇಡಂ. ಕೈಕಾಲೇ ಆಡ್ಲಿಲ್ಲ. ನೆನಪಾಗಿದ್ದು ಅದೊಂದೇ."

ಹೊರಗೆ ಬಂದ ಮೇಲೆ ಬೈದೆ. "ಮದ್ವೆ ದಿನ ಮರೀತೀಯ, ಆ ಡಬ್ಬಾ ಕಾರಿನ ನಂಬರ್ ನೆನಪಿದ್ಯಾ?"

"ನಿಮ್ಮಪ್ಪನ ಮನೆ ಮುಂದೆ ಅದ್ರಲ್ಲೇ ಅಲ್ವೇನೇ ನಿಂಗೋಸ್ಕರ ಕಾಯ್ತಿದ್ದಿದ್ದು?"

ಈಗ ಪಕ್ಕದಲ್ಲಿ ಗೊರಕೆ ಹೊಡೆಯುತ್ತಿದ್ದಾನೆ. ಆ ಕಾರಿನ ಸದ್ದಿಗಾಗಿ ಪರದೆಯ ಹಿಂದೆ ನಾನೂ ಕಾಯುತ್ತಿದ್ದೆ. ಇವತ್ತಿಗೂ ಅವನಿಗೆ ಹೇಳಿಲ್ಲ. ಬೆಳಗ್ಗೆ ಟೀ ಕೊಡುವಾಗ...