ರಿಬ್ಬನ್ನಿನ ಆಚೆಗಿದ್ದ ಆಮ್ಲಜನಕ

ಮಾನ್ಯ ಉದ್ಘಾಟಕರೇ,

ನಮ್ಮ ಸರ್ಕಾರಿ ಆಸ್ಪತ್ರೆಯ ಹೊಸ ಮಕ್ಕಳ ವಾರ್ಡು ತಮ್ಮ ಅಮೃತಹಸ್ತಕ್ಕಾಗಿ ಇನ್ನೂ ಕಾಯುತ್ತಿದೆ. ಕಾಯುವ ತಾಳ್ಮೆ ಕಟ್ಟಡಕ್ಕಿದೆ. ನನ್ನ ಮೊಮ್ಮಗಳು ಮಸರತಳ ಮೆದುಳಿಗೆ ಇರಲಿಲ್ಲ. ದೂರು ಇಷ್ಟೇ. ಉಳಿದದ್ದು ಅಲಂಕಾರ, ಅದು ನನ್ನ ವೃತ್ತಿ.

ಪೆಂಡಾಲ್ ಹಾಕುವವನು ನಾನು. ತಮ್ಮ ಸಮಾರಂಭಕ್ಕೆಂದು ಬಾಗಿಲಿಗೆ ರಿಬ್ಬನ್ ಕಟ್ಟಿದವನೂ ನಾನೇ. ಮೊದಲ ಸಲ ತಮಗೆ ಮದುವೆಯೊಂದು ಬಂತು. ಆಮೇಲೆ ಅಮಾವಾಸ್ಯೆ ಅಡ್ಡ ಬಂತು. ಆಮೇಲೆ ಉದ್ಘಾಟನೆಯ ಕಲ್ಲಿನ ಮೇಲೆ ತಮ್ಮ ಹೆಸರು ಎದುರಾಳಿಯ ಹೆಸರಿಗಿಂತ ಒಂದು ನೂಲು ಸಣ್ಣದಾಗಿ ಕಂಡು, ಕಲ್ಲೇ ವಾಪಸು ಹೋಯಿತು. ಅಷ್ಟರಲ್ಲಿ ಬಿಸಿಲಿಗೆ ಕೆಂಪು ರಿಬ್ಬನ್ ಗುಲಾಬಿಯಾಗಿತ್ತು. ಬಣ್ಣಗೆಟ್ಟದ್ದನ್ನು ಕತ್ತರಿಸುವುದು ತಮ್ಮ ಘನತೆಗೆ ಕುಂದಲ್ಲವೇ? ಹೊಸದು ಕಟ್ಟಿ ಬಂದೆ. ಹಳೆಯದನ್ನು ಮಸರತ ಕತ್ತರಿಯಿಂದ ಚೂರು ಮಾಡಿ ಮನೆಯ ಆಡು, ಕೋಳಿಗೂಡು, ಕೊನೆಗೆ ನನ್ನ ಗಡ್ಡವನ್ನೂ ಉದ್ಘಾಟಿಸಿದಳು. ನಾಲ್ಕು ವರ್ಷದವಳು, ತಮಗಿಂತ ಚುರುಕು.

ಒಂದು ಮಧ್ಯಾಹ್ನ ಪಕ್ಕದೂರು ಐಗಳಿಯಲ್ಲಿ ಒಣದ್ರಾಕ್ಷಿಯ ಶೆಡ್ಡಿಗೆ ತಾಡಪತ್ರಿ ಬಿಗಿಯುತ್ತಿದ್ದೆ. ಸೊಸೆ ಕಹಕಶಾಳ ಫೋನು ಬಂತು: "ಅಬ್ಬಾ, ಪೋರಿ ಕಣ್ಣ ಮ್ಯಾಲ ಮಾಡ್ಯಾಳ, ಮೈಯೆಲ್ಲಾ ಸೆಟಕೊಂಡೈತಿ, ಲಗೂ ದವಾಖಾನಿಗೆ ಬರ್ರಿ!" ಬೆಳಿಗ್ಗೆ ಬರೀ ಜ್ವರವಿತ್ತು. ನಾನು ಆಸ್ಪತ್ರೆ ಮುಟ್ಟುವಾಗ ಲೇಡಿ ಡಾಕ್ಟರ್ ಬಾಯಿಯವರು ಮಗುವನ್ನು ಎತ್ತಿಕೊಂಡು ಹೊಸ ವಾರ್ಡಿನ ಬಾಗಿಲಿಗೆ ಓಡಿ ಬಂದಿದ್ದರು. ಮಕ್ಕಳಿಗೆ ಉಸಿರು ಕೊಡುವ ಯಂತ್ರ ಒಳಗಿತ್ತು, ಪ್ಲಾಸ್ಟಿಕ್ ಹೊದ್ದು, ಮದುಮಗಳ ಹಾಗೆ.

ಕಾವಲುಗಾರ ಮಲಕಾರಿ ಕೈ ಅಡ್ಡ ಹಿಡಿದ. "ಉದ್ಘಾಟನಾ ಆಗಿಲ್ರಿ ಬಾಯಾರ. ಕೀಲಿ ದೊಡ್ಡ ಸಾಹೇಬ್ರ ಕಡೆ ಐತಿ."

"ಫೋನ್ ಹಚ್ಚೋ ಮಾರಾಯಾ!" ಡಾಕ್ಟರ್ ಬಾಯಿ ಗದರಿದರು.

ಹಚ್ಚಿದ. ಸ್ಪೀಕರಿನಲ್ಲಿ ಆಸ್ಪತ್ರೆಯ ಮುಖ್ಯಸ್ಥರಾದ ಸಾಹೇಬರ ದನಿ ಎಷ್ಟು ಸಾವಧಾನ! "ಉದ್ಘಾಟಕರ್ ಬರೂಕಿಂತ ಮೊದಲ ಅಲ್ಲಿ ಪೇಶಂಟ್ ಮಲಗಿಸಿದ್ರ, ನಾಳೆ ನಾ ಎಲ್ಲಿ ಹೋಗಿ ಮಲಗ್ಲಿ? ಮಿರಜಿಗೆ ಕಳಸ್ರಿ."

ನಾನು ಕೂಗಾಡಿದೆ. ಮಲಕಾರಿ ನೊಂದುಕೊಂಡೇ ಹೇಳಿದ: "ಜಾಫರಕಾಕಾ, ರಿಬ್ಬನ್ ನೀವ ಕಟ್ಟೀರಿ. ನಿಮಗೂ ತಿಳಿಸಿ ಹೇಳಬೇಕೇನ್ರಿ?"

ಗಡಿಯಾಚೆಯ ಮಿರಜಿಗೆ ಹೊರಟೆವು. ಕಾಗವಾಡದ ತನಕ ಕಬ್ಬಿನ ಟ್ರ್ಯಾಕ್ಟರುಗಳ ಮೆರವಣಿಗೆ, ಒಂದೊಂದರ ಮೇಲೂ ಕಿವಿ ಹರಿಯುವ ಹಾಡು. ನಮ್ಮ ಆಂಬುಲೆನ್ಸಿನ ಸೈರನ್ನನ್ನು ಅವರು ಇನ್ನೊಂದು ಹಾಡೆಂದುಕೊಂಡರು. ಕಹಕಶಾ ಮಗಳ ಬಾಯಿಗೆ ಕಿವಿ ಹಚ್ಚಿ ಕೂತಿದ್ದಳು. ಆ ಗದ್ದಲದಲ್ಲಿ ಉಸಿರು ಕೇಳಿಸದೆ ನನ್ನನ್ನೇ ಕೇಳುತ್ತಿದ್ದಳು, "ಐತೇನ್ರಿ ಅಬ್ಬಾ? ಐತೇನ್ರಿ?" ತಾವೂ ಒಮ್ಮೆ ಆ ದಾರಿಯಲ್ಲಿ, ಮುಂದೆ ಪೊಲೀಸ್ ಜೀಪಿಲ್ಲದೆ, ಮಲಗಿಕೊಂಡು ಹೋಗಬೇಕು. ಅನುಭವ ಸೊಗಸಾಗಿದೆ.

ಮಿರಜಿನ ಡಾಕ್ಟರು ಜೀವ ಉಳಿಸಿದರು. ಮೆದುಳು ಜ್ವರವಂತೆ. "ಉಶೀರ ಝಾಲಾ" ಅಂದರು. ತಡವಾಯಿತು ಎನ್ನುವ ಮಾತು ಮರಾಠಿಯಲ್ಲಿ ಸ್ವಲ್ಪ ಮೆತ್ತಗೆ ಕೇಳಿಸುತ್ತದೆ, ಅಷ್ಟೇ. ಮಸರತಳ ಬಲಗೈ ಈಗ ಏನನ್ನೂ ಹಿಡಿಯುವುದಿಲ್ಲ.

ಆದ್ದರಿಂದ ಬೇಡಿಕೆ. ಈ ಸೋಮವಾರ ವಾರ್ಡಿನ ಬಾಗಿಲು ತೆಗೆಸಿ. ತಾವು ದಯಮಾಡಿಸುವ ಶ್ರಮ ಬೇಡ. ರಿಬ್ಬನ್ನಿನ ಇಡೀ ಉರುಳೆಯನ್ನೇ ತಮ್ಮ ಮನೆಗೆ ಕಳಿಸುತ್ತೇನೆ. ಸೋಫಾದಲ್ಲಿ ಕೂತು ಬೇಕಾದಷ್ಟು ಕತ್ತರಿಸಿ, ಚಪ್ಪಾಳೆಗೂ ಜನ ಕೊಡುತ್ತೇನೆ. ತೆಗೆಸದಿದ್ದರೆ ಮಂಗಳವಾರ ನಾವೇ ಬರುತ್ತೇವೆ. ಬೀಗಕ್ಕೆ, ನಾನು ಗೂಟ ಬಡಿಯುವ ಸುತ್ತಿಗೆ ಇದೆ. ರಿಬ್ಬನ್ನಿಗೆ ಮಸರತ ಇದ್ದಾಳೆ. ಎಡಗೈಯಲ್ಲಿ ಕತ್ತರಿ ಹಿಡಿಯುವುದನ್ನು ಕಲಿಯುತ್ತಿದ್ದಾಳೆ. ಇನ್ನೂ ಸೊಟ್ಟ ಹೋಗುತ್ತದೆ. ಚಿಂತೆಯಿಲ್ಲ, ತಮ್ಮ ಘನತೆಗೆಂದು ಅಗಲದ ರಿಬ್ಬನ್ನೇ ಕಟ್ಟಿದ್ದೇನೆ.

ಇಂತಿ,
ತಮ್ಮ ಬಾಗಿಲಿಗೆ ಗಟ್ಟಿ ಗಂಟು ಹಾಕಿಕೊಟ್ಟ
ಪೆಂಡಾಲ್ ಜಾಫರಸಾಬ