ಮೆಣಸಿಗೊಂದು ಶಾಲೆ

ಮಾರ್ಚ್ 4, ಮಂಗಳವಾರ

ಎಕ್ಸ್‌ರೇ ಮೆಷಿನ್ ಮತ್ತೆ ಕೈಕೊಟ್ಟಿತು. ಆಸ್ಪತ್ರೆಯಲ್ಲಿ ಉಳಿದ ಇನ್ನೊಂದರಲ್ಲೇ ಎಲ್ಲರನ್ನೂ ಸಾಗಿಸಿದ್ದಾಯಿತು. ಮುರಿದ ಮಣಿಕಟ್ಟು, ಕೆಮ್ಮುವ ಎದೆ, ನಾಣ್ಯ ನುಂಗಿದ ಮಗು. "ಉಸಿರು ಎಳ್ಕೊಳ್ಳಿ... ಹಿಡ್ಕೊಳ್ಳಿ... ಬಿಡಿ." ಇಡೀ ದಿನ ಇದೇ ಜಪ. ಮನೆಗೆ ಬಂದರೂ ಬಾಯಿ ನಿಲ್ಲುವುದಿಲ್ಲ. ಅತ್ತೆ ಚಹಾ ಲೋಟ ಎತ್ತಿದಾಗ "ಹಿಡ್ಕೊಳ್ಳಿ" ಎಂದುಬಿಟ್ಟೆ. "ಹಿಡ್ಕೊಂಡೇ ಇದೀನಮ್ಮಾ, ಬಿಡು ಅಂತ ಯಾವಾಗ ಹೇಳ್ತೀಯ?" ಎಂದರು.

ಮಗಳು ಮೆಣಸು ನಗಲಿಲ್ಲ. ಅಜ್ಜಿಯ ಮಾತಿಗೆ ಎಲ್ಲರಿಗಿಂತ ಮೊದಲು ನಗುವವಳು. ಆ ಹೆಸರಿಟ್ಟದ್ದೂ ಅಜ್ಜಿಯೇ — ಕಾಳು ಚಿಕ್ಕದು, ಖಾರ ದೊಡ್ಡದು ಅಂತ. ಈಗೀಗ ಖಾರ ಕಾಣುತ್ತಿಲ್ಲ. ಹೊಟ್ಟೆನೋವು ಎಂದು ತಟ್ಟೆ ಬಿಟ್ಟು ಎದ್ದಳು. "ಅಮ್ಮಾ, ನಾ... ನಾ..." ಎಂದು ಶುರುಮಾಡಿದಳು. "ನಾಳೆ ರಜೆನಾ? ಏನೂ ಬೇಡ, ಪರೀಕ್ಷೆ ಹತ್ತಿರ ಬಂತು" ಎಂದು ನಾನೇ ಮುಗಿಸಿದೆ. ತಲೆ ಆಡಿಸಿ ಒಳಗೆ ಹೋದಳು.

ಮಾರ್ಚ್ 7, ಶುಕ್ರವಾರ

ಹೊಟ್ಟೆನೋವಲ್ಲ.

ಸಂಜೆ ಗಿಣಿಯ ಅಮ್ಮ ಇಳಿದುಬಂದರು. ಮೇಲಿನ ಮಹಡಿಯವರು. ಗಿಣಿ ಮತ್ತು ಮೆಣಸು ಒಂದೇ ಕ್ಲಾಸು, ಒಂದೇ ಬೆಂಚು. ಇವಳ ನಾಲಿಗೆಗೆ ಸಿಕ್ಕಿಕೊಂಡ ಮಾತನ್ನೆಲ್ಲ ಅವಳೇ ಆಡಿಬಿಡುತ್ತಾಳೆ, ಅದಕ್ಕೇ ಅವಳು ಗಿಣಿ. ಅವಳ ಅಮ್ಮನ ಕೈಯಲ್ಲಿ ಫೋನು, ಕಣ್ಣಲ್ಲಿ ನೀರು. "ತೋರಿಸೋದೋ ಬೇಡವೋ ಅಂತ ಎರಡು ದಿನ ಒದ್ದಾಡಿದೆ. ನೀವೇ ನೋಡಿ."

ವಿಡಿಯೊ. ಮೆಣಸು ನಿಂತು ಪಾಠ ಓದುತ್ತಿದ್ದಾಳೆ. 'ಪ'ದ ಹತ್ತಿರ ಸಿಕ್ಕಿಕೊಂಡಿದ್ದಾಳೆ. ಪ... ಪ... ಪ... ಹಿಂದಿನ ಬೆಂಚಿನ ಹುಡುಗರು ಅದಕ್ಕೆ ತಾಳ ಹಾಕಿ ಡೆಸ್ಕು ಬಡಿಯುತ್ತಿದ್ದಾರೆ. ಯಾರೋ ಅದಕ್ಕೆ ಮ್ಯೂಸಿಕ್ ಬೇರೆ ಕೂರಿಸಿದ್ದಾರೆ. ಅವಳ ಕುತ್ತಿಗೆಯ ನರ ಉಬ್ಬಿದೆ. ಪುಸ್ತಕ ಮುಖಕ್ಕೆ ಹತ್ತಿರ, ಇನ್ನೂ ಹತ್ತಿರ.

ಇಡೀ ಶಾಲೆ ನೋಡಿದೆಯಂತೆ. ನಾವೇ ಕೊನೆಯವರು.

"ಗಿಣಿಗೆ ಗೊತ್ತಿರ್ಲಿಲ್ವಾ?" ಎಂದೆ. "ಪಾಪ, ಹೇಳೋಕೆ ಹೆದರಿದ್ದಾಳೆ ಅನ್ಸುತ್ತೆ. ಅವಳೂ ಸರಿಯಾಗಿ ಊಟ ಮಾಡ್ತಿಲ್ಲ" ಎಂದರು.

ಮೆಣಸಿಗೆ ನಾನು ನೋಡಿದೆ ಎಂದು ಹೇಳಿದೆ. ಗೋಡೆಗೆ ತಿರುಗಿ ಮಲಗಿದಳು. ಬೆನ್ನು ಸವರಿದೆ. ಕಲ್ಲಿನ ಹಾಗಿತ್ತು.

ಮಾರ್ಚ್ 10, ಸೋಮವಾರ

ಇವರು ಡ್ರೈವಿಂಗ್ ಕ್ಲಾಸು ಬಿಟ್ಟು ಶಾಲೆಗೆ ಹೋದರು. ಜನರಿಗೆ ಕಾರು ಕಲಿಸುವ ಮನುಷ್ಯ. ಎಂಥ ದಡ್ಡ ಗೋಡೆಗೆ ಗುದ್ದಿದರೂ "ಪರವಾಗಿಲ್ಲ, ರಿವರ್ಸ್ ಹಾಕಿ" ಎನ್ನುವವರು. ಇವತ್ತು ಹೆಡ್‌ಮಾಸ್ತರರ ಟೇಬಲ್ ಗುದ್ದಿ ಬಂದಿದ್ದಾರೆ. ಬೆರಳು ಊದಿದೆ. ಎಕ್ಸ್‌ರೇ ತೆಗೆಸಿ ಎಂದರೆ ನನ್ನ ಮೇಲೇ ಸಿಟ್ಟು.

ಡೆಸ್ಕು ಬಡಿದ ಹುಡುಗರನ್ನು ಒಂದು ವಾರ ಹೊರಗಿಟ್ಟಿದ್ದಾರಂತೆ. "ವಿಡಿಯೊ ನಾವು ಮಾಡಿಲ್ಲ ಸರ್" ಎಂದು ಆಣೆ ಹಾಕಿದರಂತೆ. "ಕಳ್ಳನಿಗೊಂದು ಪಿಳ್ಳೆ ನೆವ" ಎಂದರು ಇವರು.

ಮಾರ್ಚ್ 16, ಭಾನುವಾರ

ನಿರ್ಧಾರ ಮಾಡಿದೆ. ಎಂಟನೇ ಕ್ಲಾಸಿಗೆ ಹುಡುಗಿಯರ ಹೈಸ್ಕೂಲು. ಗಿಣಿಯ ಮನೆಯವರೂ ಅವಳನ್ನು ಮಾರ್ಕೆಟ್ ಹಿಂದಿನ ಹುಡುಗಿಯರ ಶಾಲೆಗೇ ಹಾಕುತ್ತಾರಂತೆ. ಇಬ್ಬರೂ ಒಟ್ಟಿಗೆ ಹೋಗಬಹುದು. ಇದಕ್ಕಿಂತ ಏನು ಬೇಕು?

ಮೆಣಸು ಒಪ್ಪಲಿಲ್ಲ. "ಅ... ಅವರು ಮಾಡಿದ್ದು. ನಾ... ನಾನ್ಯಾಕೆ ಬಿಡ್ಬೇಕು?"

ಇವರು ಅವಳ ಪರ. "ಸರಿಯಾಗೇ ಕೇಳ್ತಿದಾಳಲ್ಲ."

"ಸರಿ, ತಪ್ಪು ಆಮೇಲೆ. ಇನ್ನೂ ಮೂರು ವರ್ಷ ಅದೇ ಮುಖಗಳ ಮಧ್ಯೆ ಓದ್ಬೇಕಾ ಇವಳು?"

ಅತ್ತೆ ಕನ್ನಡಕ ಒರೆಸುತ್ತ, "ನಾನೂ ಹುಡುಗೀರ ಶಾಲೇಲೇ ಓದಿದ್ದು. ನನ್ನ ಜಡೆ ಕತ್ತರಿಸಿದ್ದು ಹುಡುಗನಲ್ಲ. ಒಲೆ ಬದಲಾಯಿಸಿದ್ರೆ ಹಾಲು ಉಕ್ಕೋದು ನಿಲ್ಲುತ್ತೇನಮ್ಮ?" ಎಂದರು.

ನನಗೆ ಮಾತು ಬೇಕಿರಲಿಲ್ಲ. ಬಾಗಿಲು ಬೇಕಿತ್ತು, ಅವಳನ್ನು ಒಳಗೆ ಹಾಕಿ ಚಿಲಕ ಹಾಕುವಂಥದು.

ಕೊನೆಗೆ ಮೆಣಸು ಒಂದು ಮೆಟ್ಟಿಲು ಇಳಿದಳು. ಹುಡುಗಿಯರ ಶಾಲೆಯೇ ಆಗಬೇಕೆಂದರೆ ಊರಾಚೆಯದು, ಹೊಸದು. ಮಾರ್ಕೆಟ್ ಹಿಂದಿನದು ಬೇಡ. "ಗಿಣಿ ಇರ್ತಾಳಲ್ಲೇ!" ಎಂದೆ. ಎದ್ದು ಹೋಗಿ ಬಚ್ಚಲು ಮನೆಯ ನಲ್ಲಿ ಜೋರಾಗಿ ಬಿಟ್ಟಳು.

ಏಪ್ರಿಲ್ 2, ಬುಧವಾರ

ಊರಾಚೆಯ ಶಾಲೆ ನೋಡಿಬಂದೆವು. ಮುಖ ಕಾಣುವಂಥ ನೆಲ. ಕಾರಿಡಾರಿನಲ್ಲಿ ಹುಡುಗಿಯರು ಸಾಲಾಗಿ, ಒಂದು ಸದ್ದಿಲ್ಲ. ಅಡ್ಮಿಷನ್ ಮೇಡಂ ಉಗುರು, ತುಟಿ, ಟೇಬಲ್ಲು ಎಲ್ಲ ಮಿರಿಮಿರಿ.

"ನಿನ್ನ ಹೆಸರೇನಮ್ಮ?"

ಮೆಣಸಿನ ತುಟಿ ಕೂಡಿಕೊಂಡಿತು. ಬಿಡಿಸಿಕೊಳ್ಳಲಿಲ್ಲ. ನಾನು ಹೇಳಿದೆ. ಯಾವ ಸಬ್ಜೆಕ್ಟ್ ಇಷ್ಟ? ನಾನು ಹೇಳಿದೆ. ಹಾಬೀಸ್? ಅದೂ ನಾನೇ.

ಮೇಡಂ ಪೆನ್ನು ಮುಚ್ಚಿದರು. "ನೋಡಿ, ನಮ್ಮಲ್ಲಿ ಕಮ್ಯುನಿಕೇಶನ್‌ಗೆ ತುಂಬಾ ಒತ್ತು. ಮಗೂಗೇ ಪ್ರೆಷರ್ ಆಗುತ್ತೆ. ಮೊದಲು ಥೆರಪಿ ಮಾಡಿಸಿ, ಮುಂದಿನ ವರ್ಷ ಬನ್ನಿ. ಖಂಡಿತಾ ನೋಡೋಣ."

ಥೆರಪಿ ನಾಲ್ಕನೇ ವಯಸ್ಸಿನಿಂದ ನಡೆದಿದೆ. ಬಸ್ಸಿನಲ್ಲಿ ಮೆಣಸು ಕಿಟಕಿಯ ಕಡೆ. ಇಳಿಯುವಾಗ ಮಾತ್ರ, "ನೀನು ಎ... ಎಲ್ಲಾ ಚೆನ್ನಾಗಿ ಹೇಳ್ದೆ. ನಿಂಗೆ ಸೀಟ್ ಕೊಡ್ತಿದ್ರು" ಎಂದಳು.

ಉಳಿದದ್ದು ಮಾರ್ಕೆಟ್ ಹಿಂದಿನದು. ಶುಕ್ರವಾರ ಬಿಟ್ಟು ಶುಕ್ರವಾರ ಇಂಟರ್‌ವ್ಯೂ.

ಏಪ್ರಿಲ್ 11, ಶುಕ್ರವಾರ

ಎಲ್ಲರೂ ಮಲಗಿದ ಮೇಲೆ ಬರೆಯುತ್ತಿದ್ದೇನೆ.

ಹಳೆಯ ಕಟ್ಟಡ. ಬಾಗಿಲ ಬಣ್ಣ ಎದ್ದಿದೆ, ಮೈದಾನದಲ್ಲಿ ಕಿರುಚಾಟ, ಎಲ್ಲೋ ಹಾರ್ಮೋನಿಯಂ. ಹೆಡ್‌ಮಿಸ್ ರೂಮಿನ ಹೊರಗೆ ಬೆಂಚು. ನಮ್ಮ ಪಕ್ಕದಲ್ಲೇ ಗಿಣಿ, ಗಿಣಿಯ ಅಮ್ಮ. ಗಿಣಿಯ ಬಾಯಿ ಒಂದು ಗಳಿಗೆ ಸುಮ್ಮನಿಲ್ಲ. "ಆಂಟಿ, ಒಳಗೆ ಏನ್ ಕೇಳ್ತಾರೆ ಗೊತ್ತಾ? ನಾನು ಇವಳಿಗೆ ಎಲ್ಲಾ ಹೇಳಿಕೊಡ್ತೀನಿ" ಎನ್ನುತ್ತ ಮೆಣಸಿನ ಹೆಗಲಿಗೆ ಕೈ ಹಾಕಿದಳು. ಮೆಣಸು ಆ ಕೈಯನ್ನು ಎತ್ತಿ, ಹುಳು ಎತ್ತಿ ಹಾಕಿದ ಹಾಗೆ, ಪಕ್ಕಕ್ಕೆ ಇಟ್ಟಳು. ಎದ್ದು ನಡೆದಳು.

ನನಗೆ ನಾಚಿಕೆಯಾಯಿತು. ಹಿಂದೆಯೇ ಹೋದೆ. ಕುಡಿಯುವ ನೀರಿನ ನಲ್ಲಿಯ ಹತ್ತಿರ ಹಿಡಿದು ನಿಲ್ಲಿಸಿದೆ.

"ಏನೇ ಇದು? ಪಾಪ, ನಿನ್ನ ಜೊತೆಗಿರೋಳು ಅವಳೊಬ್ಬಳು."

"ಅಮ್ಮಾ, ವಿ... ವಿ..."

"ವಿಡಿಯೊನಾ? ಅದು ಮುಗೀತಲ್ಲ..."

"ಮು... ಮುಗಿಸ್ಬೇಡ!" ಎಂದು ಕಿರುಚಿದಳು. ನೀರು ತುಂಬುತ್ತಿದ್ದ ಹುಡುಗಿಯರು ತಿರುಗಿ ನೋಡಿದರು. "ನನ್ನ ಮಾತು ನೀ... ನೀನು ಮುಗಿಸ್ಬೇಡ."

ಬಾಯಿ ಮುಚ್ಚಿದೆ. ಅವಳು ಉಸಿರು ಹುಡುಕಿದಳು. ಬಹಳ ಹೊತ್ತು.

"ವಿಡಿಯೊದಲ್ಲಿ ಹುಡುಗರು ಕಾ... ಕಾಣ್ತಾರೆ. ಫೋನ್ ಹಿ... ಹಿಡ್ಕೊಂಡೋರು ಕಾಣಲ್ಲ ಅಲ್ವಾ?"

ನನಗೆ ಅರ್ಥವಾಗಲಿಲ್ಲ. ಆಮೇಲೆ ಆಯಿತು. ಒಂದೇ ಬೆಂಚು. ಅವಳ ಮುಖ ಅಷ್ಟು ಹತ್ತಿರದಿಂದ, ಕೆಳಗಿನಿಂದ.

"ಗಿಣಿ?"

ತಲೆ ಆಡಿಸಿದಳು. ಅಮ್ಮನ ಹಳೆಯ ಫೋನು ಕದ್ದು ತಂದಿದ್ದಳಂತೆ. ಹಿಂದಿನ ಬೆಂಚಿನ ಹುಡುಗರು ಅವಳನ್ನೂ ಮಾತಾಡಿಸಲಿ ಎಂದು. ಮಾತಾಡಿಸಿದರಂತೆ. ಒಂದು ವಾರ.

"ನಂಗ್ಯಾಕೆ ಹೇಳ್ಲಿಲ್ಲ?"

"ಅವಳನ್ನ ಬಿ... ಬಿಟ್ರೆ ಊಟಕ್ಕೆ ನನ್ನ ಜೊತೆ ಯಾ... ಯಾರೂ ಕೂರಲ್ಲ."

ಆಗಲೇ ಒಳಗಿನಿಂದ ಕರೆ ಬಂತು. ನಮ್ಮದೇ ಸರದಿ. "ಮನೆಗೆ ಹೋಗೋಣ ಬಾ" ಎಂದೆ. ಅವಳು ಮುಖಕ್ಕೆ ನೀರು ಹಾಕಿಕೊಂಡಳು. "ಈ... ಈಗ ಏನೂ ಹೇಳ್ಬೇಡ. ಅವಳಿಗೆ ನಾನೇ ಹೇಳೋದು" ಎಂದು ನನಗಿಂತ ಮುಂದೆ ಹೋದಳು.

ಹೆಡ್‌ಮಿಸ್‌ಗೆ ಭಾರಿ ನೆಗಡಿ. ಮೂಗು ಕೆಂಪು, ಕೈಯಲ್ಲಿ ಕರ್ಚೀಫು. ಹೆಸರು ಕೇಳಿದರು. ನನ್ನ ಬಾಯಿ ತೆರೆಯಿತು — ಅಭ್ಯಾಸ. ಅವರು ಕೈಯೆತ್ತಿದರು. "ತಾಯಿ ಹೊರಗಿರ್ಲಿ."

"ಮೇಡಂ, ಅವಳಿಗೆ ಸ್ವಲ್ಪ..."

"ಇರ್ಲಿ. ನನಗೂ ಇವತ್ತು ಮಾತು ಹೊರಡ್ತಿಲ್ಲ. ಇಬ್ಬರೂ ನಿಧಾನವಾಗಿ ಆಡ್ತೀವಿ."

ಮತ್ತೆ ಅದೇ ಬೆಂಚು. ಗಿಣಿಯ ಪಕ್ಕ. ಅವಳು ನನ್ನ ಮುಖ ನೋಡಿದಳು, ತಕ್ಷಣ ತಿಳಿದುಕೊಂಡಳು. ಗಿಣಿಯ ಬಾಯಿ ಅಷ್ಟು ಹೊತ್ತು ಮುಚ್ಚಿದ್ದನ್ನು ನಾನು ಕಂಡಿಲ್ಲ. ಯೂನಿಫಾರ್ಮಿನ ಅಂಚು ತಿರುಚುವ ಸಣ್ಣ ಬೆರಳು. ಮುರಿದುಬಿಡಬೇಕೆನಿಸಿತು — ಮಗುವಿನ ಬೆರಳು! ದಿನಾ ಅಂಥ ಬೆರಳುಗಳನ್ನು ಎಕ್ಸ್‌ರೇ ಪ್ಲೇಟಿನ ಮೇಲೆ ಮೆಲ್ಲಗೆ ಇಡುವವಳು ನಾನು. ಅವಳ ಅಮ್ಮ ಏನೂ ತಿಳಿಯದೆ ನೀರಿನ ಬಾಟಲಿ ಚಾಚಿದರು. "ಕುಡೀರಿ, ತುಂಬಾ ಬೆವರ್ತಾ ಇದೀರಿ." ಕುಡಿದೆ.

ಬಾಗಿಲ ಹಿಂದೆ ಮೌನ. ಮೌನ. ಒಂದು ಸೀನು. ಮತ್ತೆ ಮೌನ. ನುಗ್ಗಬೇಕೆಂದು ಎರಡು ಸಲ ಎದ್ದೆ.

ಆಮೇಲೆ ನಗು. ಮೆಣಸಿನದು.

ಹೊರಗೆ ಬಂದಾಗ ಹೆಡ್‌ಮಿಸ್ ಬಾಗಿಲ ತನಕ ಬಂದರು. "ಹಳೇ ಶಾಲೆ ಯಾಕೆ ಬಿಟ್ಟೆ ಅಂತ ಕೇಳ್ದೆ. ಎಲ್ಲಾ ಹೇಳಿದ್ಲು, ಯಾರ ಹೆಸರೂ ಎತ್ತದೆ. ನೋಡಿ, ಹುಡುಗೀರ ಶಾಲೆ ಅಂದ ತಕ್ಷಣ ಸ್ವರ್ಗ ಅಂದ್ಕೋಬೇಡಿ. ಇಲ್ಲೂ ಅಣಕಿಸೋರು ಇದಾರೆ. ನನ್ನ ಕೈಗೆ ಸಿಕ್ಕಿದ್ರೆ ಬಿಡಲ್ಲ. ಅಷ್ಟು ಮಾತ್ರ ಹೇಳಬಲ್ಲೆ."

ಏಪ್ರಿಲ್ 12, ಶನಿವಾರ

ಇವರಿಗೆ ಹೇಳಿದೆ. ಅರ್ಧ ಕ್ಷೌರದಲ್ಲಿ, ಒಂದು ಕೆನ್ನೆಯ ನೊರೆಯೊಂದಿಗೇ ಮೇಲೆ ಹೋಗಲು ಹೊರಟರು. ಮೆಣಸು ಬಾಗಿಲಿಗೆ ಅಡ್ಡ ನಿಂತಳು. "ಅಪ್ಪಾ, ನೀನು ಕಲಿಸೋ ಕಾರಲ್ಲಿ ನಿ... ನಿನ್ನ ಕಡೆಗೂ ಬ್ರೇಕ್ ಇದೆ. ಇದು ನ... ನನ್ನ ಗಾಡಿ."

ಇವರು ಮುಖ ಒರೆಸಿಕೊಂಡು ಕುಳಿತರು.

ಏಪ್ರಿಲ್ 19, ಶನಿವಾರ

ಸೀಟು ಸಿಕ್ಕಿತು. ಗಿಣಿಗೂ.

ಸಂತೋಷಪಡಲಾರೆ. ಯಾವುದರಿಂದ ಓಡಿಬಂದೆವೋ ಅದನ್ನೇ ಬುತ್ತಿ ಕಟ್ಟಿಕೊಂಡು ಹೊರಟ ಹಾಗಿದೆ. ಗಿಣಿಯ ಅಮ್ಮ ಮೆಟ್ಟಿಲ ಮೇಲೆ ನನ್ನನ್ನು ಅಪ್ಪಿಕೊಂಡರು — "ನಮ್ಮಿಬ್ಬರ ಭಾರ ಇಳೀತು ಅಲ್ವಾ?" ನನ್ನ ಕೈ ಜೋತುಬಿದ್ದೇ ಇತ್ತು. ಗಮನಿಸಿದರೋ ಏನೋ.

"ಹಳೇ ಶಾಲೇಲೇ ಇದ್ಬಿಡು. ಅಥವಾ ಮತ್ತೆ ಬೇರೆ ಹುಡುಕೋಣ" ಎಂದೆ ಮೆಣಸಿಗೆ.

ಕಾದೆ. ಕಷ್ಟ. ಅವಳ ತುಟಿ ಒದ್ದಾಡುವಾಗ ನನ್ನ ನಾಲಿಗೆಯೂ ಬಾಯಲ್ಲಿ ಒದ್ದಾಡುತ್ತದೆ.

"ಆ ಮಿಸ್ ನಾನು ಹೇಳೋ ತನಕ ಕಾ... ಕಾದ್ರು. ಗಡಿಯಾರ ನೋ... ನೋಡ್ಲಿಲ್ಲ. ನಾನು ಅಲ್ಲಿಗೇ ಹೋಗ್ತೀನಿ. ಅವಳು ಬೇ... ಬೇಕಾದ್ರೆ ಬೇರೆ ನೋಡ್ಕೊಳ್ಳಲಿ."

ಅತ್ತೆ ಪಕ್ಕದ ಕೋಣೆಯಿಂದ, "ಅಬ್ಬಾ, ಖಾರ ಬಂತು!" ಎಂದರು.

ಏಪ್ರಿಲ್ 25, ಶುಕ್ರವಾರ

ಡ್ಯೂಟಿ ಮುಗಿಸಿ ಬರುವಾಗ ಮೆಟ್ಟಿಲ ತಿರುವಿನಲ್ಲಿ ಇಬ್ಬರ ದನಿ. ಕೆಳಗೇ ನಿಂತುಬಿಟ್ಟೆ. ಕದ್ದು ಕೇಳಿದೆ, ಹೌದು.

ಗಿಣಿ ಅಳುತ್ತಿದ್ದಳು. "ಸಾರಿ ಕಣೇ. ಡಿಲೀಟ್ ಮಾಡಿದೀನಿ. ಅಮ್ಮಂಗೆ ಗೊತ್ತಾದ್ರೆ ಸಾಯಿಸ್ತಾಳೆ."

ಮೆಣಸಿನ ದನಿ ಸಣ್ಣದು, ಆದರೆ ಅಲುಗಲಿಲ್ಲ. "ಭಾ... ಭಾನುವಾರದೊಳಗೆ ನೀನೇ ಹೇಳು. ಇಲ್ದಿದ್ರೆ ನಾನು ಹೇಳ್ತೀನಿ. ನಾ... ನಾನು ಹೇಳಿದ್ರೆ ತುಂಬಾ ಹೊ... ಹೊತ್ತು ಹಿಡಿಯುತ್ತೆ. ನಿಂಗೇ ಕ... ಕಷ್ಟ."

ನಗು ಬಂತು, ಕಣ್ಣೀರೂ ಬಂತು. ಸೆರಗು ಬಾಯಿಗೆ ಒತ್ತಿಕೊಂಡೆ.

ಏಪ್ರಿಲ್ 27, ಭಾನುವಾರ, ಸಂಜೆ

ಬೆಳಗಿನಿಂದ ಮೇಲೆ ಸದ್ದಿಲ್ಲ. ಮೆಣಸು ಹೊಸ ಪುಸ್ತಕಗಳಿಗೆ ಬೈಂಡು ಹಾಕುತ್ತ ಕುಳಿತಿದ್ದಾಳೆ. ಹಾಕಿದ್ದನ್ನೇ ಬಿಚ್ಚಿ ಮತ್ತೆ ಹಾಕುತ್ತಾಳೆ. ಇವರು ಟಿವಿ ಹಾಕಿ ದನಿ ಸೊನ್ನೆಗೆ ಇಳಿಸಿದ್ದಾರೆ. ಅತ್ತೆಗೆ ನಿದ್ದೆ ಬಂದ ನಾಟಕ. ನಾನು ಕೈಗೆ ಕೆಲಸ ಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ಈಗ ಮೇಲೆ ಏನೋ ಬಿತ್ತು. ಪಾತ್ರೆಯೋ ಫೋನೋ. ಗಿಣಿಯ ಅಮ್ಮನ ದನಿ — ಆಕೆ ಅಷ್ಟು ಜೋರಾಗಿ ಕೂಗಿದ್ದನ್ನು ಕೇಳಿಲ್ಲ. "ನೀನಾ? ನೀನಾ?" ಎಂದು ಅದೇ ಮಾತು. ಗಿಣಿಯ ಅಳು.

ನಿಂತಿತು. ಬಾಗಿಲು ತೆರೆದ ಸದ್ದು. ಮೆಟ್ಟಿಲ ಮೇಲೆ ಎರಡು ಜೊತೆ ಕಾಲು — ಒಂದು ದಡದಡ, ಇನ್ನೊಂದು ಎಳೆದುಕೊಂಡು ಬಂದ ಹಾಗೆ.

ಬೆಲ್.

ಇವರು ಎದ್ದರು. ನಾನೂ ಅರ್ಧ ಎದ್ದೆ. ಮೆಣಸು ಕತ್ತರಿ ಕೆಳಗಿಟ್ಟಳು. "ಕೂ... ಕೂತ್ಕೊಳ್ಳಿ ಇಬ್ಬರೂ. ನಾ... ನಾ..."

ಯಾರೂ ಮುಗಿಸಲಿಲ್ಲ.

"...ನಾನು ತೆಗೀತೀನಿ."

ಬಾಗಿಲ ಹತ್ತಿರ ಹೋಗಿದ್ದಾಳೆ. ಚಿಲಕದ ಮೇಲೆ ಕೈ. ಒಮ್ಮೆ ನನ್ನ ಕಡೆ ತಿರುಗಿ ನೋಡಿ, ಚಿಲಕ ತೆಗೆದಳು.