ಸರಾಯಿ ಬೇರೆ, ಸಾರಾಯಿ ಬೇರೆ

ಮಾರ್ಕಂಡೇಯಾ, ಎದ್ದ ಕೂಡಲೇ ಓದು. ಸೀರೆ ಮಾರಲು ನಾನು ನಸುಕಿನಲ್ಲೇ ಹೊರಟೆ.

ಹೈದರಾಬಾದಿನಲ್ಲಿ ಸರಾಯಿಯಲ್ಲಿ ಇಳಿಯುತ್ತೇನೆ ಎಂದಿದ್ದೆ. ಸರಾಯಿ ಎಂದರೆ ಪರವೂರಿನವರು ತಂಗುವ ಛತ್ರ. ನೀನು ಅವ್ವನಿಗೆ ಹೋಗಿ ಸಾರಾಯಿ ಎಂದೆ. "ನನ್ನ ಮಗ ಕುಡುಕರ ನಡುವ ಮಲಗಾಕ ಹೊಂಟಾನ, ನನಗ ಕೂಳು ಬ್ಯಾಡ" ಎಂದು ನಿನ್ನೆಯಿಂದ ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ. ನನ್ನ ಮಾತು ನಂಬುವುದಿಲ್ಲ. ದೀರ್ಘ ಎಲ್ಲಿ ಎಳೆಯಬೇಕೆಂದು ತಿಳಿಯದ ನಿನ್ನನ್ನು ನಂಬುತ್ತಾಳೆ!

ಇದು ಧನುರ್ಮಾಸ, ಮದುವೆ ದಿಬ್ಬಣಗಳಿಲ್ಲ. ಪೊಲೀಸ್ ಆ್ಯಕ್ಷನ್ ಆದಾಗಿನಿಂದ ಬರುವವರೂ ಕಡಿಮೆ. ಸರಾಯಿ ಖಾಲಿ ಇರುತ್ತದೆ. ಸೀರೆಗಂಟು ಒಳಗಿಟ್ಟು ಬೀಗ ಹಾಕಿ, ಚಾರ್‌ಮಿನಾರಿಗೆ ನಡೆದೇ ಹೋಗಬಹುದು. ಸರಾಯಿಯ ಕಾವಲುಗಾರ ಬೀಡಿ ಸೇದಲೂ ಬಿಡುವುದಿಲ್ಲ. ಅದೇ ಊರಿನ ನಿನ್ನ ಮಾವನ ಮನೆಯಲ್ಲಿ ಇಳಿ ಎಂದು ನೀನು ಬಡಿದುಕೊಳ್ಳುತ್ತೀಯ; ಅಲ್ಲಿ ಸಂಜೆಯಾದರೆ ನಿಜವಾದ ಸಾರಾಯಿ. ಹೋದ ಸಲ ಆತ ನಮ್ಮ ಹೊಸ ಸೀರೆಯ ಮೇಲೆ ಅದನ್ನು ಚೆಲ್ಲಿದ. ನಿನ್ನ ಹೆಂಡತಿಯ ಮುಖ ನೋಡಿ ಸುಮ್ಮನಿದ್ದೇನೆ.

ಈಗಲೇ ಅವ್ವನ ಮುಂದೆ ನಿಂತು "ತಪ್ಪು ನಂದವ್ವಾ" ಎನ್ನು. ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ಕೊಡು, ಅವಳಿಗೆ ಹಲ್ಲಿಲ್ಲ. ಅವಳು ಉಂಡ ಮೇಲೆಯೇ ಮಗ್ಗಕ್ಕೆ ಕೂರು.

ನಾನು ಬರುವಷ್ಟರಲ್ಲಿ ಅವಳು ಉಂಡಿರದಿದ್ದರೆ ನಿನ್ನ ಮಾವನ ಕತೆಯನ್ನು ನಮ್ಮ ನಾರಾಯಣಪೇಟೆಗೆಲ್ಲ ಹೇಳುತ್ತೇನೆ, ಒಂದು ದೀರ್ಘವೂ ತಪ್ಪದಂತೆ.

ಅಣ್ಣ ಲಕ್ಷ್ಮಯ್ಯ